ಬೆಕ್ಕು ನಗಬಾರದು

ಹಾಲು ಕದ್ದು ಕುಡಿದ ಬೆಕ್ಕು ನಗಬಹುದೋ ಬಾರದೋ ಎಂಬ ಗಹನವಾದ ಪ್ರಶ್ನೆ ಬೆಳ್ಳಂಬೆಳಗ್ಗೆ ಒಂದು ಅಡುಗೆಮನೆಯಲ್ಲಿ ವಿಚಾರಣೆಗೆ ಬಂದಿದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿಹೋದ ಚಹಾ. ಪರದೆಯಲ್ಲಿ ಅಜ್ಜಿಯೊಬ್ಬಳು ಬೆಕ್ಕನ್ನು ಬೈಯುತ್ತಿದ್ದಾಳೆ. ಬೈಯುತ್ತಲೇ ಹಲ್ಲು ಕಿರಿಯುತ್ತಿದ್ದಾಳೆ. ಬೆಕ್ಕೂ ನಗುತ್ತಿದೆ. ಹಾಲಿನ ಪಾತ್ರೆಯೊಂದು ನಗುವುದು ಬಾಕಿ.

"ಬೇಡ," ಎಂದು ಕಲಾವಿದೆ ಅಳಿಸುತ್ತಾರೆ.

ಮಕ್ಕಳ ವಾರಪತ್ರಿಕೆಗೆ ಚಿತ್ರ ಮಾಡುವ ಇವರಿಗೆ ಕಚೇರಿಯಲ್ಲಿ ಬೇಡಮ್ಮ ಎಂದೇ ಹೆಸರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಎದುರಿಗೇ. ಕುಂಚ ಹಿಡಿದೇ ಪಳಗಿದ ಕೈ. ಪತ್ರಿಕೆಯವರು ಚಿತ್ರ ಬರೆಯುವ ಎಐ ತಂದಾಗ ಜೊತೆಯ ಕಲಾವಿದರು ಮುನಿಸಿಕೊಂಡು ಹೊರಟುಹೋದರು. ಇವರು ಕದಲಲಿಲ್ಲ. "ಅದಕ್ಕೆ ಹೆದರಿ ನಾನ್ಯಾಕೆ ಕುರ್ಚಿ ಬಿಡಲಿ? ಅದಕ್ಕೆ ಕೂರೋಕೂ ಬರಲ್ಲ."

ಮೊದಲು ಪೆನ್ಸಿಲ್ಲಿನಲ್ಲಿ ಗೀಚುತ್ತಾರೆ. ಅದನ್ನು ಯಂತ್ರಕ್ಕೆ ತೋರಿಸಿ, ಬೇಕಾದದ್ದನ್ನು ಬಿಡಿಸಿ ಹೇಳುತ್ತಾರೆ. ಬಣ್ಣ, ಬೆಳಕು, ನೆರಳು ಎಲ್ಲವನ್ನೂ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ತರುತ್ತದೆ. ಸಿಟ್ಟು ತರು ಎಂದರೆ ಮಾತ್ರ ನಗು ತರುತ್ತದೆ.

ಸಿಟ್ಟಿಗೆ ಮನೆಯಲ್ಲೇ ಅತ್ತೆ ಇದ್ದಾರೆ. ಸೊಂಟದ ಮೇಲೆ ಕೈಯಿಟ್ಟು ನಿಂತು, ಗೀಚಿದ್ದನ್ನು ಇಣುಕಿ ನೋಡುತ್ತಾರೆ. "ನನ್ನ ಮೂಗು ಇಷ್ಟುದ್ದ ಇದೆಯೇನೇ?"

"ಮೂಗು ನಿಮ್ದಲ್ಲ ಅತ್ತೆ. ಸಿಟ್ಟು ಮಾತ್ರ ನಿಮ್ದು."

"ನಂಗೆಲ್ಲಿ ಬಂತು ಸಿಟ್ಟು?" ಎಂದು ಅತ್ತೆ ಹುಬ್ಬು ಗಂಟಿಕ್ಕುತ್ತಾರೆ. ಸೊಸೆಯ ಪೆನ್ಸಿಲ್ ಓಡುತ್ತದೆ.

ಆ ಹುಬ್ಬು ಚಿತ್ರಕ್ಕೆ ಬರುವ ತನಕ ಯಂತ್ರಕ್ಕೆ ಬಿಡುಗಡೆಯಿಲ್ಲ. ಕೊನೆಗೆ ಹುಬ್ಬನ್ನೂ ಬೆಕ್ಕಿನ ಬಾಯನ್ನೂ ಇವರೇ ಕೈಯಾರೆ ತಿದ್ದುತ್ತಾರೆ. ಇಷ್ಟಾದ ಮೇಲೆ ಪತ್ರಿಕೆಯಲ್ಲಿ ಅಚ್ಚಾಗುವುದು "ಚಿತ್ರ: ಕಂಪ್ಯೂಟರ್" ಎಂದು. ತಿಂಗಳುಗಟ್ಟಲೆ ನುಂಗಿಕೊಂಡವರು ಇವತ್ತು ಚಿತ್ರ ಮುಗಿಸಿಯೂ ಕಳಿಸದೆ ಕೂತಿದ್ದಾರೆ. ಫೋನ್ ಬಡಿದುಕೊಳ್ಳುತ್ತದೆ; ಸಂಪಾದಕರು.

"ಮುಖಪುಟ ಎಲ್ಲಿ ತಾಯಿ? ಅಚ್ಚಿಗೆ ಹೋಗ್ಬೇಕು!"

"ರೆಡಿ ಇದೆ ಸಾರ್. ಕಳಿಸಲ್ಲ. ನನ್ನ ಹೆಸರು ಹಾಕ್ತೀನಿ ಅನ್ನಿ, ಕಳಿಸ್ತೀನಿ."

"ಯಂತ್ರ ಮಾಡಿದ್ದಕ್ಕೆ ನಿಮ್ಮ ಹೆಸರು ಹೇಗಮ್ಮ ಹಾಕೋದು?"

"ಹಾಗಾದ್ರೆ ಯಂತ್ರಕ್ಕೇ ಫೋನ್ ಮಾಡಿ."

ಇವರು ರಜೆ ಹಾಕಿದ್ದ ವಾರ ಸಂಪಾದಕರೇ ಕೂತು ಮಾಡಿಸಿದ ಚಿತ್ರದಲ್ಲಿ, ಜಾತ್ರೆಯ ಜನರ ನಡುವೆ ಕಳೆದುಹೋದ ಹುಡುಗಿ ಮದುವೆಮನೆಗೆ ಬಂದವಳಂತೆ ನಗುತ್ತಿದ್ದಳು. ಅದು ಇಬ್ಬರಿಗೂ ನೆನಪಿದೆ.

"ಅದು ಕೇಳಿದ್ದೆಲ್ಲ ಕೊಡುತ್ತೆ ಸಾರ್, ಕೇಳದೆ ಇದ್ದದ್ದನ್ನೂ ಕೊಡುತ್ತೆ. ಬೇಡ ಅನ್ನೋಳು ನಾನು. ಅದರ ಹೆಸರೂ ಇರ್ಲಿ, ನನ್ನ ಹೆಸರಿನ ಕೆಳಗೆ."

"ಏನಂತ ಹಾಕಲಿ? ಬೇಡಮ್ಮ ಅಂತಲಾ?" ಸಂಪಾದಕರು ಕುಟುಕುತ್ತಾರೆ.

"ಅದನ್ನೇ ಹಾಕಿ. ನೀವೇ ಇಟ್ಟಿದ್ದು ತಾನೇ?"

ಆ ವಾರದ ಪತ್ರಿಕೆ ಬಂದಿದೆ. ಮುಖಪುಟದಲ್ಲಿ ಅಜ್ಜಿ ಬೈಯುತ್ತಿದ್ದಾಳೆ, ಬೆಕ್ಕು ನಗುತ್ತಿಲ್ಲ. ಒಳಪುಟದಲ್ಲಿ "ಚಿತ್ರ: ಬೇಡಮ್ಮ" ಎಂದಿದೆ. ಅದರ ಕೆಳಗೆ, ಇನ್ನೂ ಸಣ್ಣ ಅಕ್ಷರದಲ್ಲಿ, ಕಂಪ್ಯೂಟರ್.