ಸುನಂದಾ ಅವರ ಸರ್ಟಿಫಿಕೇಟ್, ನನ್ನ ಮೆಣಸಿನಕಾಯಿ ಧೂಳು

೨೦೧೩ರಲ್ಲಿ ನಾನು ಯಶವಂತಪುರದ ಸಗಟು ಮಾರುಕಟ್ಟೆಯ ಒಂದು ಮಂಡಿಯಲ್ಲಿ ಸಿಸ್ಟಮ್ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ಹೆದರಬೇಡಿ. ಹನ್ನೊಂದು ಕಂಪ್ಯೂಟರ್, ಮೂರು ಪ್ರಿಂಟರ್, ಅವು ಯಾವಾಗ ಕೆಡುತ್ತವೋ ಎಂಬ ಚಿಂತೆ, ಇಷ್ಟೇ ನನ್ನ ಸಾಮ್ರಾಜ್ಯ. ಚಿಂತೆಯ ವಿಭಾಗಕ್ಕೆ ನನಗೆ ಸಹಾಯಕರು ಬೇಕಿರಲಿಲ್ಲ.

ಉಳಿದದ್ದಕ್ಕೆ ಬೇಕಿತ್ತು. ಮಾಲೀಕರು ಒಂದು ಹೆಲ್ಪ್‌ಡೆಸ್ಕ್ ಹುದ್ದೆಗೆ ಒಪ್ಪಿದರು. ಷರತ್ತು ಒಂದೇ: ಬರುವವರ ಬಳಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕಿನ ಆರಂಭಿಕ ಮಟ್ಟದ ಸರ್ಟಿಫಿಕೇಟ್ ಇರಬೇಕು. ಮರುದಿನವೇ ಗೇಟಿನ ಕೌಂಟರಿನಿಂದ ಸುನಂದಾ ಬಂದು ನಿಂತರು. ಬ್ಯಾಟರಾಯನಪುರದ ಹಳೇ ಊರಿನವರು, ವಯಸ್ಸು ಮೂವತ್ತಾರು, ಆರು ವರ್ಷದಿಂದ ಗೇಟಿನಲ್ಲಿ ಲಾರಿಗಳ ವಿವರ ಟೈಪ್ ಮಾಡುತ್ತಿದ್ದವರು. ಅಲ್ಲಿಯ ಧೂಳಿಗೆ ಉಬ್ಬಸ ಶುರುವಾಗಿತ್ತು. ಜಾಗ ಬದಲಿಸಿ, ಇಲ್ಲವೇ ಕೆಲಸ ಬಿಡಿ ಎಂದಿದ್ದರು ಡಾಕ್ಟರು. ಹೆಲ್ಪ್‌ಡೆಸ್ಕ್ ಇದ್ದದ್ದು ಒಳಗಿನ ಗಾಜಿನ ಕೋಣೆಯಲ್ಲಿ.

“ಪರೀಕ್ಷೆ ಕಟ್ಟೋಕೆ ನನ್ನ ಎರಡು ತಿಂಗಳ ಸಂಬಳ ಬೇಕು ಸಾರ್. ಗಾಡಿ ತಗೊಳಕ್ಕೆ ಅಂತ ಕೂಡಿಟ್ಟಿದೀನಿ. ಅದನ್ನ ಇದಕ್ಕೆ ಆಕ್ಲಾ, ಬೇಡ್ವಾ? ನೀವು ಊಂ ಅಂದ್ರೆ ಆಕ್ತೀನಿ.”

ಯಾರಾದರೂ ನನ್ನ ಮಾತಿನ ಮೇಲೆ ನಿರ್ಧಾರ ಮಾಡುತ್ತಾರೆಂದರೆ ನನಗೆ ಭಯ. ಎರಡು ದಿನ ಸಮಯ ಕೇಳಿದೆ. ಹಾಳೆಯ ನಡುವೆ ಗೆರೆ ಎಳೆದು ಲಾಭ ನಷ್ಟ ಬರೆದೆ. ಫೇಲಾದರೆ ಹಣ ವಾಪಸ್ಸಿಲ್ಲ. ಮೂರು ವರ್ಷಕ್ಕೆ ಸರ್ಟಿಫಿಕೇಟಿನ ಅವಧಿ ಮುಗಿಯುತ್ತದೆ. ಪಾಸಾದರೂ ಮಾಲೀಕರ ಮನಸ್ಸು ಬದಲಾಗಬಹುದು. ನಷ್ಟದ ಪಟ್ಟಿ ಹಾಳೆಯ ಹಿಂಬದಿಗೂ ಹರಿಯಿತು. ಲಾಭದ ಕಡೆ ‘ಹುದ್ದೆ’ ಎಂಬ ಒಂದೇ ಪದ.

ಸುನಂದಾ ಹಾಳೆ ನೋಡಿ ನಕ್ಕರು. “ಇಂಗೆ ಲೆಕ್ಕ ಆಕುದ್ರೆ ಯಾರೂ ಮದ್ವೇನೂ ಆಗಲ್ಲ ಸಾರ್. ಅದರ ಪುಸ್ತಕ ಕೊಡಿ. ಮಾಲು ನೋಡ್ದೆ ಯಾರಾದ್ರೂ ರೇಟ್ ಕಟ್ತಾರಾ?”

ಮಂಡಿಯಲ್ಲಿ ಮೂಟೆ ಕೊಳ್ಳುವ ಮುನ್ನ ಚೂಪಾದ ಕೊಳವೆಯನ್ನು ಮೇಲೆ, ನಡುವೆ, ಅಡಿಯಲ್ಲಿ ಚುಚ್ಚಿ ಕಾಳು ತೆಗೆದು ನೋಡುತ್ತಾರೆ. ನನ್ನ ಹಳೆಯ ಗೈಡನ್ನೂ ಆಕೆ ಹಾಗೆಯೇ ಮೂರು ಕಡೆ ತೆರೆದು ನೋಡಿದರು. ಮೊದಲ ಭಾಗದ ಫ್ಯಾನ್, ರ್ಯಾಮ್ ಗೊತ್ತಿದ್ದವು. ಕೊನೆಯ ಭಾಗದ ಪ್ರಿಂಟರನ್ನು ಆಕೆಯೇ ಗೇಟಿನಲ್ಲಿ ದಿನಾ ಬಿಚ್ಚಿ ಜೋಡಿಸುತ್ತಿದ್ದರು. ನಡುವಿನ ನೆಟ್‌ವರ್ಕ್ ಮಾತ್ರ ಹೊಸದು. ಓದಲು ಪುಸ್ತಕವನ್ನು ಮನೆಗೆ ಒಯ್ದರು.

ನಾಲ್ಕನೆಯ ದಿನ ಬಂದು ಕೇಳಿದರು: “ಸಾರ್, ಎರಡು ಕಂಪ್ಯೂಟ್ರಿಗೆ ಒಂದೇ ಐಪಿ ಅಡ್ರೆಸ್ ಕೊಟ್ರೆ ಒಂದು ಕೈ ಕೊಡ್ತದಂತೆ. ನಮ್ಮ ಗೇಟಿಂದೂ ಗೋಡೌನಿಂದೂ ಅಂಗೇ ಅಲ್ವಾ ಆಡೋದು?”

ಐಪಿ ಅಡ್ರೆಸ್ ಎಂದರೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿಗಿರುವ ಮನೆ ನಂಬರು. ಅವನ್ನು ಹಂಚಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವನು ನಾನೇ. ಗೋಡೌನಿನ ಕಂಪ್ಯೂಟರ್ ಆನ್ ಆಗುತ್ತಿದ್ದದ್ದು ಮೆಣಸಿನಕಾಯಿ ಲೋಡ್ ಬರುವ ದಿನಗಳಲ್ಲಿ ಮಾತ್ರ. ಆ ದಿನಗಳಲ್ಲೇ ಗೇಟಿನದು ನಿಂತು ಲಾರಿಗಳು ಸಾಲುಗಟ್ಟುತ್ತಿದ್ದವು. ‘ಕಾರಣ: ಮೆಣಸಿನಕಾಯಿ ಧೂಳು’ ಎಂದು ಎಂಟು ತಿಂಗಳು ಘನವಾಗಿ ವರದಿ ಬರೆದಿದ್ದೆ. ಧೂಳು ಹಾರಿಸಲು ಬ್ಲೋವರ್ ಕೂಡ ತರಿಸಿಕೊಂಡಿದ್ದೆ. ಈಗ ನೋಟ್‌ಬುಕ್ ತೆರೆದರೆ ಗೇಟಿಗೂ ಗೋಡೌನಿಗೂ ಒಂದೇ ನಂಬರು, ನನ್ನದೇ ದುಂಡು ಅಕ್ಷರದಲ್ಲಿ. ಒಂದನ್ನು ಬದಲಿಸಿದೆ. ಎರಡೂ ಸರಿಹೋದವು.

ಹಣ ಹಾಕಲೇ ಎಂಬ ಆಕೆಯ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಕೆಲಸವನ್ನು ಕಣ್ಣೆದುರೇ ತೋರಿಸಿದವರಿಗೆ ಈ ಮಂಡಿಯ ಮಟ್ಟಿಗೆ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಅದನ್ನು ಮಾಲೀಕರಿಗೆ ಒಪ್ಪಿಸಬೇಕಾದರೆ ನನ್ನ ಎಂಟು ತಿಂಗಳ ವರದಿಗಳು ಸುಳ್ಳೆಂದೂ ಹೇಳಬೇಕು. ಅವರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ, ನೀರು ಕುಡಿದು ವಾಪಸ್ ಬಂದೆ. ಮೂರನೆಯ ಸಲ ಒಳಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

“ಅಂದ್ರೆ ಮೆಣಸಿನಕಾಯಿದು ಏನೂ ತಪ್ಪಿಲ್ಲ?” ಎಂದರು ಮಾಲೀಕರು.

“ಇಲ್ಲ ಸಾರ್.”

“ಆ ಸರ್ಟಿಫಿಕೇಟ್ ನಿಮ್ಮ ಹತ್ರ ಇದೆ ಅಲ್ವೇನ್ರೀ?”

“ಇದೆ ಸಾರ್. ಫ್ರೇಮ್ ಹಾಕ್ಸಿದೀನಿ.”

ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಹೋಗ್ಲಿ, ಆಯಮ್ಮನ್ನ ಸೋಮವಾರದಿಂದ ಒಳಗೆ ಕೂರಿಸಿ.”

ಸುನಂದಾ ಗಾಡಿ ಕೊಂಡರು. ಉಬ್ಬಸ ತಗ್ಗಿತು. ಮೂರು ವರ್ಷ ಹೆಲ್ಪ್‌ಡೆಸ್ಕ್ ನಡೆಸಿದ ಮೇಲೆ ಒಂದು ದಿನ ತಾವಾಗಿಯೇ ಪರೀಕ್ಷೆಗೆ ಹಣ ಕಟ್ಟಿದರು. “ಈಗ್ಯಾಕಮ್ಮಾ?” ಎಂದೆ.

“ಇಲ್ಲಿ ನನ್ನ ಕೆಲ್ಸ ನೀವು ನೋಡಿದ್ರಿ ಸಾರ್. ಹೊರಗಡೆ ಯಾರು ನೋಡವ್ರೆ?”

ಪರೀಕ್ಷೆಯ ಎರಡೂ ಪತ್ರಿಕೆಗಳು ಮೊದಲ ಸಲಕ್ಕೇ ಪಾಸು. ಹೆಬ್ಬಾಳದ ಆಸ್ಪತ್ರೆಯೊಂದು ಆ ಕಾಗದ ನೋಡಿ ಸಂದರ್ಶನಕ್ಕೆ ಕರೆಯಿತು, ಕೆಲಸವನ್ನೂ ಕೊಟ್ಟಿತು.

ಈಗ ಯಾರಾದರೂ ಇಂಥ ಸರ್ಟಿಫಿಕೇಟ್ ಮಾಡಲೇ ಎಂದು ಕೇಳಿದರೆ, ಯಾರಿಗೆ ತೋರಿಸಬೇಕು ಎಂದು ತಿರುಗಿ ಕೇಳುತ್ತೇನೆ. ನಿಮ್ಮ ಕೆಲಸ ನೋಡದವರಿಗಾದರೆ ಧೈರ್ಯವಾಗಿ ಹಣ ಕಟ್ಟಿ. ನೋಡಿದವರಿಗಾದರೆ ಕಾಗದ ಬೇಡ. ಆದರೆ ನೋಡಿದವರು ಬಾಯಿ ಬಿಟ್ಟು ಹೇಳಬೇಕು, ಅದರಿಂದ ತಮ್ಮ ಮಾನ ಸ್ವಲ್ಪ ಹೋದರೂ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಹೆದರುತ್ತಲೇ ನಾನು ಮಾಡಿದ ಧೈರ್ಯದ ಕೆಲಸ, ಮೂರನೆಯ ಸಲ ಮಾಲೀಕರ ಬಾಗಿಲು ದಾಟಿದ್ದೊಂದೇ. ಒಂದೇ ಆದರೂ, ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.