ನೆಲ ಮುಟ್ಟದ ರೈಲು

ಹೆಸರಿಗೆ ಮೂಗಯ್ಯನೇ ಹೊರತು ಮಾತಿಗೆ ಕೂತರೆ ಎದ್ದೇಳುವ ಆಸಾಮಿಯಲ್ಲ. ಚಾಮರಾಜನಗರದ ರೈಲ್ವೆಯಲ್ಲಿ ಕೀಮ್ಯಾನ್. ಬೆಳಗಾಗೆದ್ದು ಹೆಗಲಿಗೆ ಸುತ್ತಿಗೆ ಏರಿಸಿ, ಕಂಬಿಗುಂಟ ಬದನಗುಪ್ಪೆ ಕಡೆಗೆ ನಡೆಯುವುದು, ಸಡಿಲಾದ ಬೆಣೆಗೆ ಒಂದೇಟು ಬಿಗಿಯುವುದು, ಮತ್ತೆ ಹಿಂದಕ್ಕೆ ಬರುವುದು. ಮೂವತ್ತು ವರ್ಷ ಇದೇ ಕೆಲಸ. ನೆಟ್ಟಗೆ ನಡೆದಿದ್ದರೆ ಕಾಶಿಗೆ ಇಪ್ಪತ್ತು ಸಲ ಹೋಗಿಬರಬಹುದಿತ್ತು ಅಂತ ತಾನೇ ಹೇಳಿಕೊಂಡು ನಗುತ್ತಿದ್ದ.

ಹೆಂಡತಿ ಸಣ್ಣತಾಯಮ್ಮ ಗುಂಡ್ಲುಪೇಟೆಯವಳು. ಅಲ್ಲಿಗೆ ಕಂಬಿಯಿಲ್ಲ, ಬಸ್ಸೇ ಗತಿ. ಬಸ್ಸೋ, ಅವಳಿಗೆ ಆಗಿಬರದು. ಡೀಸೆಲ್ ವಾಸನೆ ಬಿದ್ದರೆ ಸಾಕು, ಕರುಳು ಕಿತ್ತು ಬಾಯಿಗೆ ಬರುತ್ತಿತ್ತು. ಏಳು ವರ್ಷದ ಹಿಂದೆ ಹಾಗೆ ಹೊರಟವಳನ್ನು ಕಂಡಕ್ಟರು ತೆರಕಣಾಂಬಿಯಲ್ಲೇ ಇಳಿಸಿಬಿಟ್ಟಿದ್ದ. ಸಂಜೆತನಕ ಹುಣಸೇಮರದ ಬುಡದಲ್ಲಿ ಮಲಗಿದ್ದು, ಯಾರದೋ ಎತ್ತಿನಗಾಡಿಯಲ್ಲಿ ವಾಪಸು ಬಂದಳು. ಅಂದಿನಿಂದ ತೌರೂ ಇಲ್ಲ, ಅಕ್ಕ ಕರಿಯಮ್ಮನ ಮುಖವೂ ಇಲ್ಲ. ಕರಿಯಮ್ಮನಿಗೋ ಸೊಂಟ ಬಿದ್ದುಹೋಗಿ ಹೊಸ್ತಿಲು ದಾಟುವ ಹಾಗಿರಲಿಲ್ಲ.

ತೊಂಬತ್ತಾರನೇ ಇಸವಿ ಇರಬೇಕು. ಸ್ಟೇಷನ್ ಮಾಸ್ಟರ್ ಶಿವರುದ್ರಸ್ವಾಮಿಗಳು ಪೇಪರು ಓದಿ ಒಂದು ಸುದ್ದಿ ಹೇಳಿದರು. ಬೆಂಗಳೂರು ಮೈಸೂರಿನ ನಡುವೆ ಅಯಸ್ಕಾಂತದ ರೈಲು ಬಿಡುತ್ತೇವೆಂದು ಯಾರೋ ಪರದೇಶದವರು ಬರೆದುಕೊಂಡಿದ್ದಾರಂತೆ. ಚಕ್ರವೇ ಇಲ್ಲವಂತೆ. ದಾರಿಯಿಂದ ಬೆರಳಷ್ಟು ಮೇಲೆ ತೇಲಿಕೊಂಡು ಹೋಗುತ್ತದಂತೆ. ಕುಲುಕಾಟವೂ ಇಲ್ಲ, ಹೊಗೆಯೂ ಇಲ್ಲ ಅಂದಿದ್ದೇ ತಡ, ಮೂಗಯ್ಯನ ತಲೆಯೊಳಗೆ ರೈಲು ಹೊರಟೇಬಿಟ್ಟಿತು. ಮೈಸೂರಿಗೆ ಬಂದದ್ದು ಚಾಮರಾಜನಗರಕ್ಕೆ ಬಾರದೆ ಇರುತ್ತದೆಯೇ? ನಗರಕ್ಕೆ ಬಂದದ್ದು ಗುಂಡ್ಲುಪೇಟೆಗೆ ಹೋಗದೆ ಇರುತ್ತದೆಯೇ?

ಆಮೇಲೆ ಅವನ ಕಾಲು ಕಂಬಿಯ ಮೇಲೆ, ಕಣ್ಣು ಎಲ್ಲೋ. ಸೂರ್ಯಕಾಂತಿ ಹೊಲಗಳ ಮೇಲೆ ಬೆಳ್ಳನೆಯ ರೈಲೊಂದು ಸದ್ದಿಲ್ಲದೆ ತೇಲುತ್ತಿತ್ತು. ಅದರ ನೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಕಿಟಕಿ ಪಕ್ಕ ಸಣ್ಣತಾಯಮ್ಮ, ಬಾಯಿಗೆ ಸೆರಗು ಒತ್ತಿಕೊಳ್ಳದೆ, ಆರಾಮಾಗಿ ಎಲೆಅಡಿಕೆ ಮೆಲ್ಲುತ್ತಾ ಕೂತಿದ್ದಳು. ಗೋಪಾಲಸ್ವಾಮಿ ಬೆಟ್ಟ ಮಂಜು ಹೊದ್ದುಕೊಂಡು ತಾನಾಗಿಯೇ ಹತ್ತಿರಕ್ಕೆ ಬರುತ್ತಿತ್ತು.

ಒಂದು ದಿನ ರೇಡಿಯೋ ರಿಪೇರಿ ಅಂಗಡಿಯಿಂದ ಬಳೆಯಂಥ ಎರಡು ಅಯಸ್ಕಾಂತ ತಂದು, ಪೊರಕೆಕಡ್ಡಿಗೆ ಪೋಣಿಸಿ, ಮೇಲಿನದು ಕೆಳಗಿನದನ್ನು ಮುಟ್ಟದೆ ನಿಲ್ಲುವುದನ್ನು ಹೆಂಡತಿಗೆ ತೋರಿಸಿದ. ಅದರ ಮೇಲೊಂದು ಅವರೆಕಾಳನ್ನೂ ಕೂರಿಸಿ, ಇದೇ ನೀನು ಅಂದ. ಕಾಳು ಮೇಲಕ್ಕೂ ಕೆಳಕ್ಕೂ ತೂಗಾಡಿತು. ನೋಡಿದರೇ ಹೊಟ್ಟೆ ತೊಳಸುತ್ತದೆ, ಅತ್ತ ಎತ್ತಿಡು ಅಂದಳು ಸಣ್ಣತಾಯಮ್ಮ.

ಆ ಬೇಸಿಗೆಯಲ್ಲಿ ಕರಿಯಮ್ಮನ ಮಗ ಗುರುಸ್ವಾಮಿ ಬಂದ. ಅವ್ವ ಹಾಸಿಗೆ ಹಿಡಿದಿದ್ದಾಳೆ, ಚಿಕ್ಕವ್ವನನ್ನು ಒಂದು ಸಲ ನೋಡಬೇಕೆಂದು ಹಂಬಲಿಸುತ್ತಾಳೆ ಅಂದ. ಸಣ್ಣತಾಯಮ್ಮ ಗಂಡನ ಮುಖ ನೋಡಿದಳು. ನಮ್ಮ ಮೂಗಯ್ಯ, ಮಹಾ ಇಂಜಿನಿಯರು, ಏನೆನ್ನಬೇಕು?

"ರೈಲು ಬತ್ತದೆ ಕಣ್ಲಾ ಗುರುಸ್ವಾಮಿ. ಇನ್ನೊಂದ್ ವರ್ಸ ತಡ್ಕೊ ಅನ್ನು ನಿಮ್ಮವ್ವಂಗೆ."

ತಡೆಯೋದಕ್ಕೆ ಕರಿಯಮ್ಮನ ಜೀವವೇನು ಇವನ ಸಿಗ್ನಲ್ಲಿಗೆ ಕಾದು ನಿಂತಿತ್ತೇ? ತಿಂಗಳೊಳಗೆ ಮತ್ತೆ ಹೇಳಿಕಳಿಸಿದರು. ಗಂಜಿ ಇಳಿಯುತ್ತಿಲ್ಲ, ತಂಗಿ ಹೆಸರೊಂದೇ ಬಾಯಲ್ಲಿ. ಮೂಗಯ್ಯ ಸ್ಟೇಷನ್ನಿಗೆ ಓಡಿ ಆ ರೈಲು ಮಂಜೂರಾಯಿತೇ ಅಂತ ಕೇಳಿದ. ಮಾಸ್ಟರಿಗೆ ಯಾವ ರೈಲು ಅನ್ನುವುದೇ ಮರೆತುಹೋಗಿತ್ತು. ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದರೆ, ಸಣ್ಣತಾಯಮ್ಮ ಸೀರೆ ಎತ್ತಿಕಟ್ಟಿ ರಾಗಿಮುದ್ದೆ ಬುತ್ತಿ ಗಂಟು ಹಾಕುತ್ತಿದ್ದಳು.

"ಮೂವತ್ ವರ್ಸ ಆ ಕಂಬಿ ಜೊತೇಲಿ ನಡ್ದಿದ್ದೀಯ," ಅಂದಳು. "ಒಂದ್ಸಲ ನನ್ ಜೊತೇಲಿ ನಡಿ."

ಮೂಗಯ್ಯನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ದಿನಾ ಹನ್ನೆರಡು ಕಿಲೋಮೀಟರು ಸವೆಸುವವನಿಗೆ, ಗುಂಡ್ಲುಪೇಟೆಗೂ ನಡೆದೇ ಹೋಗಬಹುದೆಂಬುದು ಒಂದು ದಿನಕ್ಕೂ ಹೊಳೆದಿರಲಿಲ್ಲ. ನಡೆಯುವುದು ಅವನ ಲೆಕ್ಕದಲ್ಲಿ ಡ್ಯೂಟಿ, ಊರಿಗೆ ಹೋಗುವುದೆಂದರೆ ಏನಾದರೂ ಹತ್ತಿಕೊಂಡು ಹೋಗುವುದು.

ರಜೆ ಬರೆದುಕೊಟ್ಟು ಹೊರಟರು. ಮೊದಮೊದಲು ಅಭ್ಯಾಸಬಲದಿಂದ ಅವನು ಮುಂದೆ ಮುಂದೆ, ಅವಳು ಹಿಂದೆ. ಆಮೇಲೆ ಅವಳ ಹೆಜ್ಜೆಗೇ ಹೆಜ್ಜೆ ಹಾಕಿದ. ಹೂತ ಹೊಂಗೆ, ಬಿಸಿಲಿನಲ್ಲಿ ಮಿನುಗುವ ಕೆರೆ, ದೂರದ ನೀಲಿ ಬೆಟ್ಟ, ಎಲ್ಲವೂ ನಿಧಾನವಾಗಿ ಬಂದು ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಸಣ್ಣತಾಯಮ್ಮ ಮದುವೆಗೆ ಮುಂಚಿನ ಹಾಡೊಂದನ್ನು ಗುನುಗಿಕೊಳ್ಳುತ್ತಿದ್ದಳು. ಅವಳಿಗೆ ಹಾಡು ಬರುತ್ತದೆಂದೇ ಇವನಿಗೆ ಗೊತ್ತಿರಲಿಲ್ಲ. ತೆರಕಣಾಂಬಿಯಲ್ಲಿ ಗುರುತಿನವರ ಮನೆಯಲ್ಲಿ ಉಳಿದು, ಮಾರನೇ ದಿನ ದೀಪ ಹಚ್ಚುವ ಹೊತ್ತಿಗೆ ಗುಂಡ್ಲುಪೇಟೆ ಮುಟ್ಟಿದರು.

ಕರಿಯಮ್ಮನ ಜೀವ ಇನ್ನೂ ಇತ್ತು. ಒಂದು ಹಿಡಿ ಆಗಿಹೋಗಿದ್ದಳು. ತಂಗಿಯ ಕೈಯಿಂದ ಮೂರು ಗುಟುಕು ಗಂಜಿ ಕುಡಿದು, ಅವಳ ಊದಿದ ಕಾಲು ಸವರಿದಳು.

"ಎಲ್ಡು ದಿನದ ದಾರಿ ಕಣವ್ವ," ಅಂದಳು. "ಇಷ್ಟ್ ವರ್ಸ ಯಾಕವ್ವ ಬರ್ನಿಲ್ಲ?"

ಜಗಲಿಯಲ್ಲಿದ್ದ ಮೂಗಯ್ಯ ಬಾಗಿಲ ಕಡೆಗೆ ಕಿವಿಕೊಟ್ಟ.

"ನಂಗೆ ಮಂಡಿನೋವು ಅಕ್ಕ," ಅಂದಳು ಸಣ್ಣತಾಯಮ್ಮ. "ಅವ್ರು ಪ್ರತಿ ವರ್ಸ ಕರೀತಿದ್ರು, ನಡಿ ಓಗನ ಅಂತ. ನಾನೇ ಒಲ್ಲೆ ಅಂತಿದ್ದೆ."

ಮೂಗಯ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.