ಮೂರನೇ ಒಲೆಗುಂಡು

ಬ್ಯಾಟರಿಗೆ ಬೇಕಾಗುವ ನಿಕ್ಕಲ್ ಹುಡುಕಿಕೊಂಡು ಹೆಗ್ಗಡದೇವನಕೋಟೆ ಕಡೆ ಕಲ್ಲು ಒಡೆಯುತ್ತ ತಿರುಗುತ್ತಿದ್ದೆ. ವಾರವಿಡೀ ಸಿಗದ, ನಿಕ್ಕಲ್ ಇರುವ ಹಸಿರು ಕಲ್ಲು ಕೊನೆಗೆ ಒಬ್ಬ ಅಜ್ಜಿಯ ಹಿತ್ತಲ ಒಲೆಯಲ್ಲಿ, ಮಡಕೆಯ ಕೆಳಗೆ ಕಂಡಿತು. ಕೊಡ್ತೀರಾ ಅಂತ ಕೇಳಿದೆ.

“ತಗೊಂಡೋಗಪ್ಪ, ಯಾರು ಬ್ಯಾಡ ಅಂದೋರು? ಅದ್ರ ಜಾಗಕ್ಕೆ ಅಂಥದ್ದೇ ಇನ್ನೊಂದು ತಂದು ಮಡಗು.”

ಹಳ್ಳದಿಂದ ಒಂದನ್ನು ಹೊತ್ತು ತಂದೆ.

“ನೀರು ಕುಡ್ದಿರೋ ಕಲ್ಲು ಕಣಪ್ಪ, ಬೆಂಕಿಗೆ ಸಿಡೀತದೆ. ಕಲ್ಲಿನ್ ಓದು ಓದ್ದೋನಿಗೆ ಇಷ್ಟೂ ಗೊತ್ತಾಗಕಿಲ್ವಾ?”

ಎರಡನೆಯದು ಗಿಡ್ಡವಾಯಿತು. ಮೂರನೆಯದನ್ನು ಅಜ್ಜಿ ಒಲೆಗೆ ಇಟ್ಟು, ಮಡಕೆ ಏರಿಸಿ ಅಲ್ಲಾಡಿಸಿ ನೋಡಿ, ಮುದ್ದೆ ತಿರುವಿ ನನಗೂ ಬಡಿಸಿದ ಮೇಲೆಯೇ ಹಳೆಯ ಕಲ್ಲು ನನ್ನ ಕೈಗೆ ಬಂತು.

ಅಗೆದ ಜಾಗವನ್ನು ಮೊದಲಿನಂತೆ ಮಾಡಿಕೊಡುತ್ತೇನೆ ಅಂತ ಎಷ್ಟೋ ಕಚೇರಿಗಳಲ್ಲಿ ಸಹಿ ಹಾಕಿದ್ದೇನೆ. ಅಲ್ಲಾಡಿಸಿ ನೋಡಿದವರು ಆ ಅಜ್ಜಿ ಒಬ್ಬರೇ.